ಮೂರನೆಯ ಹೊದಿಕೆ

ಆಸ್ಪತ್ರೆಯ ನೆಲಮಾಳಿಗೆಯ ಆ ಕೋಣೆಯ ಬಾಗಿಲ ಮೇಲೆ ಬಾಯಲ್ಲಿ ತಿರುಗದ ಉದ್ದನೆಯ ಹೆಸರೊಂದಿತ್ತು. ಅಲ್ಲಿ ಕೆಲಸ ಮಾಡುವವರು ಮಾತ್ರ ಅದನ್ನು ಹಬೆಕೋಣೆ ಎಂದೇ ಕರೆಯುತ್ತಿದ್ದರು. ಮೇಲಿನ ಆಪರೇಷನ್ ಥಿಯೇಟರಿನಲ್ಲಿ ಬಳಸಿದ ಕತ್ತರಿ, ಚಿಮಟ, ಕ್ಲಾಂಪುಗಳೆಲ್ಲ ಒಂದು ಕಿಟಕಿಯಿಂದ ಒಳಗೆ ಬರುತ್ತಿದ್ದವು. ತೊಳೆಸಿಕೊಂಡು, ಒಣಗಿ, ಟ್ರೇಯಲ್ಲಿ ಸಾಲಾಗಿ ಮಲಗಿ, ಎರಡು ಹೊದಿಕೆ ಬಟ್ಟೆಯಲ್ಲಿ ಗಂಟಾಗಿ, ಆಳೆತ್ತರದ ಯಂತ್ರದೊಳಗೆ ಹಬೆಯಲ್ಲಿ ಬೆಂದು, ಇನ್ನೊಂದು ಕಿಟಕಿಯಿಂದ ಶುದ್ಧವಾಗಿ ಹೊರಗೆ ಹೋಗುತ್ತಿದ್ದವು. ಗಂಟು ಕಟ್ಟುವ ಮೇಜಿನ ಹಿಂದೆ ಇಪ್ಪತ್ತೆರಡು ವರ್ಷದಿಂದ ನಿಂತವಳನ್ನು ಇಡೀ ಆಸ್ಪತ್ರೆ ಗಂಟಮ್ಮ ಅನ್ನುತ್ತಿತ್ತು. ಮುಖ ಗಂಟು ಹಾಕಿಕೊಂಡಿರುತ್ತಾಳಲ್ಲ, ಅದಕ್ಕೇ ಆ ಹೆಸರು ಅನ್ನುವವರೂ ಇದ್ದರು. ಅಂಥವರಿಗೂ ಅವಳು ಟ್ರೇಯನ್ನು ಹೊತ್ತಿಗೆ ಸರಿಯಾಗಿಯೇ ಕಳಿಸುತ್ತಿದ್ದಳು.

ಅವಳಿಗೆ ಕೆಲಸ ಕಲಿಸಿದವರು ಹಿಂದಿನ ಮುಖ್ಯಸ್ಥೆ, ಎಲ್ಲರ ಬಾಯಲ್ಲಿ ಹಿರಿಯಮ್ಮ. ಮೊದಲ ದಿನವೇ ಅವರು ಹೇಳಿದ್ದರು: "ನೋಡಮ್ಮ, ಈ ಕೋಣೇಲಿ ರೋಗಿಗೆ ಹೆಸರಿಲ್ಲ, ಟ್ರೇಗೆ ನಂಬರಿದೆ. ಆಪರೇಷನ್ ಏನಾಯ್ತು ಅಂತ ಮೇಲಕ್ಕೆ ಫೋನ್ ಮಾಡಿ ಕೇಳೋ ಹಾಗಿಲ್ಲ. ಬದುಕಿದ್ರೆ ನನ್ನಿಂದ ಅಂತ ಬೀಗಬೇಡ, ಹೋದ್ರೆ ನನ್ನಿಂದ ಅಂತ ಅಳಬೇಡ. ನಿನ್ನದು ಈ ಗಂಟು. ಸರಿಯಾಗಿ ಕಟ್ಟು, ಕಿಟಕೀಲಿಡು, ಕೈ ತೆಗಿ. ದೊಡ್ಡೋರು ಕರ್ಮಯೋಗ ಅಂತಾರಲ್ಲ, ಅದು ಇಷ್ಟೇ. ಕಟ್ಟೋದು ಯಾರಾದ್ರೂ ಕಲೀತಾರೆ, ಕೈ ತೆಗೆಯೋದೇ ಕಷ್ಟ."

ಹಿರಿಯಮ್ಮ ಇನ್ನೊಂದು ಕಟ್ಟಳೆಯನ್ನೂ ಮಾಡಿದ್ದರು. ಮೇಲೆ ಮಲಗಿರುವವರು ನಮ್ಮವರಾದರೆ ಆ ಟ್ರೇಯನ್ನು ನಾವು ಮುಟ್ಟಬಾರದು, ಬೇರೆಯವಳು ಕಟ್ಟಬೇಕು. ಯಾವ ಪುಸ್ತಕದಲ್ಲೂ ಬರೆದಿಟ್ಟ ನಿಯಮವಲ್ಲ ಅದು.

"ಯಾಕಮ್ಮ, ನಮ್ಮೋರಿಗೆ ನಾವು ಕಡಿಮೆ ಮಾಡ್ತೀವಾ?" ಎಂದು ಗಂಟಮ್ಮ ಕೇಳಿದ್ದಳು.

"ಕಡಿಮೆ ಮಾಡಲ್ಲ ಕಣೇ. ಜಾಸ್ತಿ ಮಾಡ್ತೀವಿ."

ಜಾಸ್ತಿ ಮಾಡಿದರೆ ಏನು ನಷ್ಟ ಎಂದು ಆಗ ಅವಳಿಗೆ ತಿಳಿಯಲಿಲ್ಲ. ಈಗ ಹಿರಿಯಮ್ಮ ನಿವೃತ್ತರಾಗಿ ಆರು ವರ್ಷ. ಗಂಟಮ್ಮನೇ ಮುಖ್ಯಸ್ಥೆ, ತಪ್ಪಿದರೆ ಗದರಿಸುವವರಿಲ್ಲ.

ನಿನ್ನೆ ಸಂಜೆ ಅವಳ ಸ್ವಂತ ತಂಗಿ ಮೂರನೇ ಮಹಡಿಯ ಹಾಸಿಗೆಗೆ ಬಂದಿದ್ದಳು. ಕುತ್ತಿಗೆಯಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ. ಅದು ಬೆಳೆದು ಸ್ವರದ ನರವನ್ನು ಒತ್ತುತ್ತಿತ್ತು. ತಂಗಿ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುವವಳು, ಗಂಟಲೇ ಅವಳ ಕಸುಬು. ಎರಡು ತಿಂಗಳಿಂದ ಅವಳ ಮಾತು ಒಡೆದ ಕೊಳಲಿನ ಹಾಗೆ ಗಾಳಿ ಬಿಡುತ್ತಿತ್ತು. ಗಡ್ಡೆ ತೆಗೆಯಬಲ್ಲ ಸರ್ಜನ್ ಬೇರೆ ಊರಿನವರು, ಮೂರು ವಾರಕ್ಕೊಮ್ಮೆ ಬಂದು ಸಂಜೆಯ ರೈಲಿಗೆ ಹೊರಡುವವರು. "ಇನ್ನು ತಡ ಮಾಡಿದ್ರೆ ನರ ಉಳಿಯುತ್ತೆ ಅಂತ ಹೇಳಕ್ಕಾಗಲ್ಲ," ಎಂದಿದ್ದರು. ಅವರಿಗೆ ಬೇಕಾದ ಸೂಕ್ಷ್ಮ ಸಲಕರಣೆಗಳ ಟ್ರೇ ಆಸ್ಪತ್ರೆಯಲ್ಲಿ ಇದ್ದದ್ದೇ ಒಂದು, ಹದಿನೇಳನೇ ನಂಬರಿನದು.

"ಅಕ್ಕ, ನನ್ನದನ್ನ ನೀನೇ ಕಟ್ಟು. ಬೇರೆಯವರ ಕೈಗೆ ಕೊಡಬೇಡ," ಎಂದಿದ್ದಳು ತಂಗಿ, ಪಿಸುದನಿಯಲ್ಲಿ.

ತಂಗಿ ಅವಳನ್ನು ಏನಾದರೂ ಕೇಳಿ ಎಷ್ಟು ವರ್ಷವಾಗಿತ್ತು! ಅಮ್ಮ ಹೋದಾಗ ಗಂಟಮ್ಮನಿಗೆ ಹತ್ತೊಂಬತ್ತು, ತಂಗಿಗೆ ಹತ್ತು. ಓದು ಬಿಟ್ಟು, ಬಂದ ಸಂಬಂಧ ಬಿಟ್ಟು, ತಂಗಿಯ ಜಡೆ ಹೆಣೆದು, ಬುತ್ತಿ ಕಟ್ಟಿ, ಓದಿಸಿ, ಮದುವೆ ಮಾಡಿ ಕಳಿಸಿದವಳು ಅವಳೇ. ಮಾಡಿದ್ದು ಸುಳ್ಳಲ್ಲ. ಆದರೆ ಮಾಡಿದ್ದನ್ನೆಲ್ಲ ಎತ್ತಿ ಆಡುವುದು ಅವಳಿಗೆ ಉಸಿರಾಟದಷ್ಟೇ ಸಹಜವಾಗಿಬಿಟ್ಟಿತ್ತು. ಹೊಸ ಅಂಗಿ ಕೊಟ್ಟರೆ ಅದರ ಜೊತೆ, "ನಾನು ಹರಿದದ್ದೇ ಹಾಕ್ಕೊಂಡೆ, ಪರವಾಗಿಲ್ಲ ಬಿಡು." ಜ್ವರ ಬಂದಾಗ ಕೂತರೆ, "ಎರಡು ದಿನ ಕಣ್ಣು ಮುಚ್ಚಿಲ್ಲ ನೋಡು." ತಂಗಿ ಬೆಳೆಯುತ್ತ ಬೆಳೆಯುತ್ತ ಅಕ್ಕನಿಂದ ಒಂದು ಲೋಟ ನೀರನ್ನೂ ಕೇಳದ ಹಾಗಾಗಿದ್ದಳು. ಇಲ್ಲಿ ಯಾರೋ ಕಾಣದವರಿಗೆ ದಿನಕ್ಕೆ ಮೂವತ್ತು ಟ್ರೇ ಕಟ್ಟಿ ಮರೆತುಬಿಡುವವಳು, ಮನೆಯಲ್ಲಿ ಹುಣಸೆಬೀಜದಷ್ಟು ಮಾಡಿದರೂ ಅದನ್ನೇ ಹಿಡಿದುಕೊಂಡಿರುತ್ತಿದ್ದಳು.

ಅಂಥ ತಂಗಿ ಕೇಳಿದ್ದಳು. ಗಂಟಮ್ಮ ಹಿಗ್ಗಿ ಹೀರೆಕಾಯಿಯಾಗಿ, ಪಾಳಿ ಮುಗಿದಿದ್ದರೂ ಕೆಳಗೆ ಬಂದು, ಹಿರಿಯಮ್ಮನ ಕಟ್ಟಳೆಯನ್ನು ಪಕ್ಕಕ್ಕಿಟ್ಟು, ಹದಿನೇಳನೇ ಟ್ರೇಯನ್ನು ಮೇಜಿಗೆಳೆದುಕೊಂಡಿದ್ದಳು. ಪಟ್ಟಿಯಲ್ಲಿ ಇದ್ದದ್ದನ್ನೆಲ್ಲ ಜೋಡಿಸಿದಳು. ಮನಸ್ಸು ತುಂಬಲಿಲ್ಲ. ಎರಡು ಕ್ಲಾಂಪು ಹೆಚ್ಚಿಗೆ ಇಟ್ಟಳು. ರಕ್ತ ಒತ್ತಲು ಇರಲಿ ಎಂದು ನಾಲ್ಕು ದಪ್ಪ ಟವೆಲ್ಲು ಮಡಿಸಿ ತುರುಕಿದಳು. ಎರಡು ಹೊದಿಕೆ ಸುತ್ತಿದ ಮೇಲೆ ಮೂರನೆಯದೊಂದು ಹೊಸ ಬಟ್ಟೆ ತೆಗೆದು, ಚಳಿಗೆ ಮಗುವಿಗೆ ಹೊದಿಸುವಂತೆ ಸುತ್ತಿ, ಟೇಪನ್ನು ಬಿಗಿಯಾಗಿ ಎಳೆದು ಅಂಟಿಸಿದಳು. ಬೆಳಿಗ್ಗೆ ಆರು ಗಂಟೆಯ ಪಾಳಿಗೆ ಬಂದವಳೇ ಯಂತ್ರಕ್ಕೆ ಹಾಕಿದಳು. ತಂಗಿಯ ಆಪರೇಷನ್ ಎಂಟೂವರೆಗೆ.

ಏಳು ಗಂಟೆಗೆ ಬಾಗಿಲು ತೆರೆದಾಗ ಹೊರಗಿನ ಟೇಪಿನ ಗೆರೆಗಳು ಕಪ್ಪಾಗಿದ್ದವು. ಹಬೆ ತಗುಲಿದೆ ಎಂಬುದಕ್ಕೆ ಅದು ಗುರುತು. ಅವಳು ಅರ್ಧ ಗಂಟೆ, ಗಂಟು ಆರುವವರೆಗೆ ಕಾದು, ಗಂಟಿನ ಕೆಳಗೆ ಅಂಗೈ ಕೊಟ್ಟು ಎತ್ತಿದಳು.

ಎತ್ತಿದವಳು ಹಾಗೇ ನಿಂತಳು. ಮೂಲೆಯಲ್ಲಿ ಒಂದು ರೂಪಾಯಿಯಗಲ ಬಟ್ಟೆ ತೇವವಾಗಿತ್ತು.

ಒದ್ದೆ ಗಂಟು ಎಂದರೆ ಏನೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಒಳಗೆ ಜಾಗವಿಲ್ಲದಷ್ಟು ತುಂಬಿದರೆ ಹಬೆ ನುಗ್ಗುವುದಿಲ್ಲ, ನುಗ್ಗಿದ್ದು ಹೊರಗೆ ಬರುವುದಿಲ್ಲ, ನೀರಾಗಿ ನಿಲ್ಲುತ್ತದೆ. ಆ ತೇವದ ದಾರಿಯಲ್ಲೇ ಹೊರಗಿನ ಕೊಳೆ ಒಳಗೆ ಹೋಗುತ್ತದೆ. ಇನ್ನರ್ಧ ಗಂಟೆ ಬಿಟ್ಟರೆ ಆ ಮೂಲೆ ತಾನಾಗಿಯೇ ಒಣಗುತ್ತದೆ. ಮೇಲೆ ಯಾರಿಗೂ ಗೊತ್ತಾಗುವುದಿಲ್ಲ. ನೂರಕ್ಕೆ ತೊಂಬತ್ತು ಪಾಲು ಏನೂ ಆಗುವುದಿಲ್ಲ. ಈಗ ಇದನ್ನು ತಡೆದರೆ ಸರ್ಜನ್ನರ ಸಮಯ ತಪ್ಪುತ್ತದೆ, ಮೂರು ವಾರ ಮುಂದಕ್ಕೆ ಹೋಗುತ್ತದೆ, ತಂಗಿಯ ನರ—

ಇದೇ ಬೇರೆ ನಂಬರಿನ ಟ್ರೇ ಆಗಿದ್ದರೆ ಏನು ಮಾಡುತ್ತಿದ್ದೆ? ಯೋಚಿಸಲೂ ನಿಲ್ಲುತ್ತಿರಲಿಲ್ಲ. ಗಂಟಮ್ಮ ಗಂಟನ್ನು ಮೇಜಿನ ಮೇಲಿಟ್ಟು ಟೇಪನ್ನು ಪರಕ್ಕನೆ ಹರಿದಳು.

ತೊಳೆಯುವ ಕಡೆಯಿಂದ ನೊರೆಯಕ್ಕ ಓಡಿ ಬಂದಳು. ದಿನವೆಲ್ಲ ಸೋಪಿನ ನೊರೆಯಲ್ಲಿ ಮೊಣಕೈವರೆಗೆ ಮುಳುಗಿರುತ್ತಿದ್ದ ಗಟ್ಟಿಗಿತ್ತಿ ಅವಳು. "ಅಯ್ಯೋ, ಇದೇನ್ ಮಾಡಿದ್ರಿ! ಅದು ನಿಮ್ಮ ತಂಗೀದಲ್ವಾ?"

"ಒದ್ದೆಯಾಗಿದೆ."

ನೊರೆಯಕ್ಕ ಒಳಗಿದ್ದ ಕಾಗದದ ಪಟ್ಟಿಯನ್ನು ಎತ್ತಿ ನೋಡಿದಳು. ಹಬೆ ತಲುಪಿದರೆ ಬಣ್ಣ ತಿರುಗುವ ಪಟ್ಟಿ. ಅದು ಕಪ್ಪಾಗಿಯೇ ಇತ್ತು. "ನೋಡಿ, ಸರಿಯಾಗೇ ಬೆಂದಿದೆ! ಸುಮ್ಮನೆ ಬಿಚ್ಚಿ ಹಾಕಿದ್ರಲ್ಲ, ಪುಣ್ಯಾತ್ಗಿತ್ತಿ!"

ಗಂಟಮ್ಮ ಆ ಪಟ್ಟಿಯನ್ನು ಕೈಗೆ ತೆಗೆದುಕೊಂಡಳು. ಪಟ್ಟಿ ಬೆಳ್ಳಗಿದ್ದಿದ್ದರೆ ಎಷ್ಟು ನೆಮ್ಮದಿಯಾಗುತ್ತಿತ್ತು! ನೋಡಿ, ನಾನು ಹೇಳಿದ್ದು ನಿಜ ಎಂದು ತೋರಿಸಬಹುದಿತ್ತು. "ಪಟ್ಟಿ ಇದ್ದದ್ದು ಮೇಲೆ. ಟವೆಲ್ಲಿನ ಮಧ್ಯೆ ಏನಾಗಿದೆ ಅಂತ ಅದು ಹೇಳಲ್ಲ. ಒದ್ದೆ ಗಂಟು ಹೊರಗೆ ಹೋಗಲ್ಲ, ಅಷ್ಟೇ. ಎಲ್ಲ ತೊಳೆಯೋಕೆ ಹಾಕು."

ಅವಳು ಥಿಯೇಟರಿಗೆ ಫೋನ್ ಮಾಡಿದಳು. ಥಿಯೇಟರ್ ಸಿಸ್ಟರ್ ಸರ್ಜನ್ನರನ್ನು ಕೇಳಿ ಬಂದು ಹೇಳಿದರು: "ಹತ್ತು ಗಂಟೆಯೊಳಗೆ ಟ್ರೇ ಬಂದ್ರೆ ಸರ್ ರೌಂಡ್ಸ್ ಮುಗಿಸಿ ಬಂದು ನಿಮ್ಮ ತಂಗೀನೇ ಮೊದಲು ತಗೋತಾರಂತೆ. ಇಲ್ಲಾಂದ್ರೆ ಎರಡನೇ ರೋಗಿ, ಬಡಗಿಯೊಬ್ಬರು, ಅವರ ಕಿವಿ ಆಪರೇಷನ್ ಮೊದಲು. ಆಮೇಲೆ ಟೈಮ್ ಉಳಿದ್ರೆ ಉಂಟು, ಇಲ್ಲಾಂದ್ರೆ ಮುಂದಿನ ಸಲ. ನೀವೇ ಹೀಗ್ ಮಾಡಿದ್ರೆ ಹೇಗೆ ಗಂಟಮ್ಮ?"

"ತಪ್ಪು ನಂದೇ, ಸಿಸ್ಟರ್. ಹಾಗೇ ಬರ್ಕೊಳ್ಳಿ."

ಸಲಕರಣೆಗಳು ತೊಳೆಯುವ ಯಂತ್ರದಲ್ಲಿರುವಷ್ಟು ಹೊತ್ತು ಅವಳಿಗೆ ಮೇಜಿನ ಕೆಲಸವಿರಲಿಲ್ಲ. ಮೂರನೇ ಮಹಡಿಗೆ ಹತ್ತಿ ಹೋದಳು. ಬೇರೆಯವರ ಬಾಯಿಂದ ತಂಗಿಗೆ ತಿಳಿಯುವುದು ಬೇಡವಾಗಿತ್ತು.

ತಂಗಿ ಹಸಿರು ಗೌನು ತೊಟ್ಟು, ಬಳೆ ಓಲೆ ತೆಗೆದಿಟ್ಟು, ತಯಾರಾಗಿ ಕೂತಿದ್ದಳು. ಪಕ್ಕದಲ್ಲಿ ಅವಳ ಗಂಡ. ಭಾನುವಾರ ಭಾನುವಾರ ಯೋಗದ ತರಗತಿಗೆ ಹೋಗಿ, ಫಲದ ಆಸೆ ಬಿಡಬೇಕು, ಲಾಭ ನಷ್ಟ ಎರಡರಲ್ಲೂ ಒಂದೇ ಸಮನಾಗಿರಬೇಕು ಎಂದು ಸೋಮವಾರದಿಂದ ಶನಿವಾರದವರೆಗೆ ಸಿಕ್ಕವರಿಗೆಲ್ಲ ಹೇಳುವ ಮನುಷ್ಯ. ಗಂಟಮ್ಮ ನಡೆದದ್ದನ್ನು ಹೇಳಿ ಮುಗಿಸುವಷ್ಟರಲ್ಲಿ ಅವರು ಮುಖ ಕೆಂಪಗೆ ಮಾಡಿಕೊಂಡು ಕುರ್ಚಿಯಿಂದ ಎದ್ದು ನಿಂತಿದ್ದರು.

"ಏನತ್ತಿಗೆ ಇದು! ಒಂಚೂರು ತೇವಕ್ಕೆ ಇಷ್ಟು ರಾದ್ಧಾಂತಾನಾ? ಸುಮ್ಮನೆ ಕಳಿಸಿಬಿಡಬಾರದಾಗಿತ್ತಾ?"

"ಬೇರೆಯವರದಾಗಿದ್ರೆ ಕಳಿಸ್ತಿರಲಿಲ್ಲ."

"ಇದು ಬೇರೆಯವರದಲ್ಲವಲ್ಲ!"

"ಅದಕ್ಕೇ ಹಾಳಾಯ್ತು," ಎಂದಳು ಗಂಟಮ್ಮ. ತಂಗಿಯ ಕಡೆ ತಿರುಗಿದಳು. "ನಿನ್ನದು ಅಂತ ಜಾಸ್ತಿ ತುಂಬಿದೆ ಕಣೇ. ಬೇಡದ ಟವೆಲ್ಲು, ಬೇಡದ ಕ್ಲಾಂಪು, ಮೇಲೊಂದು ಮೂರನೇ ಹೊದಿಕೆ. ಹಬೆಗೆ ಜಾಗ ಬಿಡಲಿಲ್ಲ."

ತಂಗಿ ಆ ಒಡಕು ಸ್ವರದಲ್ಲಿ, ಒಂದೊಂದೇ ಶಬ್ದವನ್ನು ಎತ್ತಿ ಇಡುವಂತೆ ಹೇಳಿದಳು: "ಇದನ್ನೂ ನನಗೋಸ್ಕರಾನೇ ಮಾಡ್ದೆ ಅಲ್ವಾ?"

ಗಂಟಮ್ಮ ಹಾಸಿಗೆಯ ಹೊದಿಕೆಯನ್ನು ಸರಿಪಡಿಸಲು ಬಾಗಿದಳು.

"ನೀನು ನನಗೆ ಮಾಡಿದ್ದು ಯಾವತ್ತೂ ಎರಡು ಹೊದಿಕೇಲಿ ಮುಗಿದಿದ್ದೇ ಇಲ್ಲ ಅಕ್ಕ. ನನಗೆ ಉಸಿರು ಕಟ್ಟುತ್ತೆ. ಹೇಳಿದ್ರೆ ಕೃತಘ್ನೆ ಆಗ್ತೀನಿ." ಅಷ್ಟಕ್ಕೇ ಅವಳ ಸ್ವರ ನಿಂತುಹೋಯಿತು. ಗೋಡೆಯ ಕಡೆ ಹೊರಳಿ ಮಲಗಿದಳು.

ಬೇರೆ ದಿನವಾಗಿದ್ದರೆ ಗಂಟಮ್ಮನ ಬಾಯಿಗೆ ನೂರು ಮಾತು ಬರುತ್ತಿದ್ದವು. ಓದು ಬಿಟ್ಟದ್ದು ಯಾರಿಗಾಗಿ, ಮದುವೆ ಬಿಟ್ಟದ್ದು ಯಾರಿಗಾಗಿ, ಇಷ್ಟು ಮಾಡಿದ್ದಕ್ಕೆ ಇದೇನಾ ಬಂದದ್ದು. ಬಂದವು ಕೂಡ, ನಾಲಿಗೆಯ ತುದಿಯವರೆಗೂ. ಅವುಗಳ ಬೆನ್ನಿಗೇ ಇನ್ನೊಂದೂ ಕಂಡಿತು. ಓದು ಬಿಟ್ಟಾಗ ಹತ್ತು ವರ್ಷದ ಆ ಹುಡುಗಿ, ಬಿಡು ಅಂತ ಕೇಳಿರಲಿಲ್ಲ. ಬಿಟ್ಟದ್ದು ತಾನು. ಬಿಟ್ಟದ್ದನ್ನು ಮೂವತ್ತು ವರ್ಷ ಕೈಯಲ್ಲೇ ಹಿಡಿದುಕೊಂಡಿದ್ದದ್ದೂ ತಾನೇ. ಹಿರಿಯಮ್ಮ ಹೇಳಿದ ಕೈ ತೆಗೆಯುವ ಮಾತು ಕಿಟಕಿಯಿಂದಾಚೆ ಹೋಗುವ ಟ್ರೇಗಳಿಗೆ ಮಾತ್ರ ಎಂದುಕೊಂಡುಬಿಟ್ಟಿದ್ದಳು.

"ಟ್ರೇ ತಯಾರು ಮಾಡ್ತೀನಿ," ಎಂದಷ್ಟೇ ಹೇಳಿ ಕೆಳಗಿಳಿದಳು.

ಗಂಟು ಕಟ್ಟುವ ಇನ್ನೊಬ್ಬಳು ಅಂದು ರಜೆ. ನೊರೆಯಕ್ಕನಿಗೆ ಕಟ್ಟಲು ಬರುವುದಿಲ್ಲ. ಕಟ್ಟಳೆ ಮುರಿದದ್ದು ಮುರಿದಾಗಿತ್ತು, ಈಗ ಇನ್ನೊಮ್ಮೆ ತಾನೇ ಕಟ್ಟಬೇಕು. ಗಂಟಮ್ಮ ಕೈ ತೊಳೆದು, ಹೊಸ ಕೈಗವಸು ತೊಟ್ಟು, ಹದಿನೇಳನೇ ಟ್ರೇಯ ಸಲಕರಣೆಗಳ ಪಟ್ಟಿಯನ್ನು ಎದುರಿಗೆ ಅಂಟಿಸಿದಳು. ಪಟ್ಟಿಯಲ್ಲಿ ನಲವತ್ತೆರಡು ವಸ್ತು. ಒಂದೊಂದು ಕತ್ತರಿಯನ್ನೂ ತೆಳು ರಬ್ಬರಿನ ಮೇಲೆ ಆಡಿಸಿ ಮೊನೆ ನೋಡಿದಳು. ಕೀಲು ಇರುವುದನ್ನೆಲ್ಲ ಬಾಯಿ ತೆರೆದೇ ಮಲಗಿಸಿದಳು. ಒಂದರ ಮೇಲೊಂದು ಬೀಳದಂತೆ ಜಾಗ ಬಿಟ್ಟಳು. ನಡುವೆ ತಂಗಿಯ ಮುಖ ಬಂತು. ಗೋಡೆಗೆ ಹೊರಳಿದ ಬೆನ್ನು ಬಂತು. ಬರಲಿ, ಅಲ್ಲೇ ಒಂದು ಕಡೆ ಕೂತಿರಲಿ, ಕೈಗೆ ಮಾತ್ರ ತಾಗದಿದ್ದರೆ ಸಾಕು ಎಂದುಕೊಂಡಳು. ಇಪ್ಪತ್ತೊಂದು, ಇಪ್ಪತ್ತೆರಡು. ಒಂದು ಚಿಕ್ಕ ಟವೆಲ್ಲು ಜಾಸ್ತಿ ಇಡೋಣವೇ ಎಂದು ಕೈ ತಾನಾಗಿ ಚಾಚಿತು. ಚಾಚಿದ ಕೈಯನ್ನು ಹಿಂದಕ್ಕೆ ತಂದಳು. ನಲವತ್ತೆರಡಕ್ಕೆ ನಿಲ್ಲಿಸಿದಳು. ಎರಡು ಹೊದಿಕೆ. ಟೇಪು ಹದವಾಗಿ. ಎಂಟೂ ಇಪ್ಪತ್ತೈದು.

ಈಗ ಯಂತ್ರ ಹಾಕಿದರೆ, ಬೆಂದು ಆರುವಷ್ಟರಲ್ಲಿ ಹತ್ತಕ್ಕೆ ಐದು ನಿಮಿಷ ಇರುತ್ತದೆ. ತಂಗಿಯೇ ಮೊದಲು.

ಅಷ್ಟರಲ್ಲಿ ಕೊಳೆ ಕಿಟಕಿಯ ಗಂಟೆ ಬಡಿಯಿತು. ಹೆರಿಗೆ ವಾರ್ಡಿನಿಂದ ಬಳಸಿದ ಟ್ರೇ ಬಂದಿತ್ತು, ಜೊತೆಗೆ ಫೋನೂ ಬಂತು: ಹೊಟ್ಟೆ ಕೊಯ್ದು ಮಗು ತೆಗೆಯುವ ಟ್ರೇಗಳಲ್ಲಿ ಮೇಲೆ ಉಳಿದಿರುವುದು ಒಂದೇ, ಇಬ್ಬರು ತಾಯಂದಿರು ಕಾಯುತ್ತಿದ್ದಾರೆ, ಆದಷ್ಟು ಬೇಗ ಕೊಡಿ.

ಆ ವಾರ ಎರಡನೇ ಹಬೆ ಯಂತ್ರ ಕೆಟ್ಟು ಕೂತಿತ್ತು. ಇದ್ದದ್ದು ಒಂದೇ. ಅದು ಒಮ್ಮೆ ಬಾಗಿಲು ಮುಚ್ಚಿದರೆ ಒಂದು ಗಂಟೆ ತೆರೆಯುವ ಹಾಗಿಲ್ಲ.

"ನಿಮ್ಮ ತಂಗೀದು ಹಾಕಿಬಿಡಿ," ಎಂದಳು ನೊರೆಯಕ್ಕ. "ಅವರಿಗೆ ಮೇಲೆ ಒಂದು ಟ್ರೇ ಇದೆಯಲ್ಲ."

"ತಾಯಂದಿರು ಇಬ್ಬರು."

"ಇಬ್ಬರಿಗೂ ಒಟ್ಟಿಗೇ ಕೊಯ್ಯಬೇಕಾಗಿ ಬರುತ್ತಾ? ಬಂದಾಗ ನೋಡ್ಕೊಂಡ್ರಾಯ್ತು."

"ಬಂದಾಗ ನೋಡೋಕೆ ಯಂತ್ರದ ಬಾಗಿಲು ತೆಗೆಯೋ ಹಾಗಿರಲ್ಲ. ಎಷ್ಟು ಹೊತ್ತು ಬೇಕು ತೊಳೆಯೋಕೆ?"

"ನೀವು ನಿಂತ ಕಾಲಲ್ಲಿ ನಿಂತು ಕಾದ್ರೂ, ಕಟ್ಟೋದೂ ಸೇರಿ ಇಪ್ಪತ್ತು ನಿಮಿಷ. ಹತ್ತು ಗಂಟೆ ತಪ್ಪಿಹೋಗುತ್ತೆ ರೀ! ಕಲ್ಲು ಮನಸ್ಸಾ ನಿಮ್ಮದು?"

ಗಂಟಮ್ಮನಿಗೆ ಅಲ್ಲಿ ಕಾಯುತ್ತಿದ್ದ ಇಬ್ಬರು ತಾಯಂದಿರ ಗುರುತಿಲ್ಲ. ಮುಂದೆಯೂ ಇರುವುದಿಲ್ಲ. ಎಂದಿನ ಬೆಳಗಾಗಿದ್ದರೆ ಇಪ್ಪತ್ತು ನಿಮಿಷ ಯಂತ್ರ ತಡೆಯುತ್ತಿದ್ದಳೇ? ತಡೆಯುತ್ತಿದ್ದಳು. ಹಾಗಾದರೆ ಇವತ್ತೂ ತಡೆಯಬೇಕು. "ತೊಳಿ ನೊರೆಯಕ್ಕ. ಮಾತು ಆಮೇಲೆ ಆಡೋಣ. ಒಣಗಿಸೋಕೆ ನಾನು ಬರ್ತೀನಿ."

ನೊರೆಯಕ್ಕ ಗೊಣಗಿದಳು, ಆದರೆ ಅವಳ ಕೈಗಳು ಅಷ್ಟು ಚುರುಕಾಗಿ ಓಡಿದ್ದನ್ನು ಗಂಟಮ್ಮ ಎಂದೂ ನೋಡಿರಲಿಲ್ಲ. ಎಂಟೂ ನಲವತ್ತೈದಕ್ಕೆ ಎರಡು ಟ್ರೇ ಪಕ್ಕ ಪಕ್ಕದಲ್ಲಿ, ನಡುವೆ ಹಬೆಗೆ ದಾರಿ ಬಿಟ್ಟು, ಒಳಗೆ ಹೋದವು. ಬಾಗಿಲು ಮುಚ್ಚಿತು.

ಹತ್ತೂ ಹದಿನೈದಕ್ಕೆ ಆರಿದ ಗಂಟುಗಳನ್ನು ಎತ್ತಿದಾಗ ಮೂಲೆಗಳು ಗರಿಗರಿಯಾಗಿ ಒಣಗಿದ್ದವು. ಹೆರಿಗೆ ವಾರ್ಡಿನದು ಹೋಯಿತು. ಹದಿನೇಳು ಥಿಯೇಟರಿಗೆ ಹೋಯಿತು. ಅಷ್ಟರಲ್ಲಿ ಬಡಗಿಯ ಕಿವಿಗೆ ಅರಿವಳಿಕೆ ಕೊಟ್ಟಾಗಿತ್ತು.

"ಮಧ್ಯಾಹ್ನ ಒಂದು ಗಂಟೆಯೊಳಗೆ ಇದು ಮುಗಿದ್ರೆ ನಿಮ್ಮ ತಂಗಿ," ಎಂದರು ಸಿಸ್ಟರ್ ಫೋನಿನಲ್ಲಿ. "ಮೀರಿದ್ರೆ ಸರ್ ತಗೊಳ್ಳಲ್ಲ."

ಮೂರು ಗಂಟೆ ಕಾಲ ಗಂಟಮ್ಮ ಕೆಲಸ ಮಾಡಿದಳು. ಮೂಳೆ ವಿಭಾಗದ ಭಾರದ ಟ್ರೇಗಳು, ಕಣ್ಣಿನ ವಿಭಾಗದ ಕೂದಲೆಳೆಯಂಥ ಚಿಮಟಗಳು. ಗಡಿಯಾರ ತಲೆಯ ಮೇಲೇ ಇತ್ತು. ನೋಡಬಾರದು ಎಂದು ಪಣ ತೊಡಲಿಲ್ಲ. ಕಣ್ಣು ಹೋದಾಗ ನೋಡಿದಳು, ಮತ್ತೆ ಪಟ್ಟಿಗೆ ಬಂದಳು. ಎರಡು ಸಲ ತಂಗಿಯ ಗಂಡ ಫೋನ್ ಮಾಡಿ, "ಹೇಳಿ ಕೇಳಿ ನಿಮ್ಮ ಆಸ್ಪತ್ರೆ, ಸರ್ಜನ್ನರ ಹತ್ತಿರ ಒಂದು ಮಾತು ಹೇಳಬಾರದೇ ಅತ್ತಿಗೆ?" ಎಂದರು. "ನನ್ನ ಕೈಯಲ್ಲಿದ್ದದ್ದು ಮುಗೀತು. ಅವರ ಕೈಯಲ್ಲಿರೋದು ಅವರು ಮಾಡ್ತಾರೆ. ನೀವು ಅವಳ ಹತ್ತಿರ ಕೂತ್ಕೊಳ್ಳಿ," ಎಂದಳು.

ಒಂದು ಗಂಟೆ ದಾಟಿತು. ಒಂದೂ ಹತ್ತು. ಫೋನ್ ಬಂತು.

"ಸರ್ ರೈಲು ಬಿಟ್ಟು ಬಸ್ಸಿಗೆ ಹೋಗ್ತಾರಂತೆ," ಎಂದರು ಸಿಸ್ಟರ್. "ಒಳಗೆ ಕರ್ಕೊಂಡ್ವಿ."

ಗಂಟಮ್ಮ ಫೋನ್ ಇಟ್ಟು ಮೇಜಿಗೆ ಬಂದಳು. "ಹೋಗಿ ಬಾಗಿಲ ಹತ್ರ ಕೂತ್ಕೊಳ್ಳಿ," ಎಂದಳು ನೊರೆಯಕ್ಕ, ಈಗ ಬೇರೆಯೇ ದನಿಯಲ್ಲಿ. "ಪಾಳಿ ಎರಡಕ್ಕೆ ಮುಗಿಯುತ್ತೆ. ಇನ್ನೆರಡು ಟ್ರೇ ಇದೆ," ಎಂದಳು ಗಂಟಮ್ಮ.

ಸಂಜೆ ಐದಕ್ಕೆ ತಂಗಿಗೆ ಎಚ್ಚರವಾಯಿತು. ಗಡ್ಡೆ ಪೂರ್ತಿ ಬಂದಿತ್ತು. ನರ ತುಂಡಾಗಿರಲಿಲ್ಲ, ಆದರೆ ಗಡ್ಡೆಗೆ ಅಂಟಿಕೊಂಡಿದ್ದದ್ದನ್ನು ಬಿಡಿಸಬೇಕಾಗಿತ್ತು. ಸ್ವರ ಎಷ್ಟು ಮರಳುತ್ತದೆ ಎಂಬುದು ಆರು ವಾರವಾಗದೆ ತಿಳಿಯುವುದಿಲ್ಲ ಎಂದು ಸರ್ಜನ್ ಹೇಳಿ ಹೋಗಿದ್ದರು. ಎರಡು ದಿನ ಮಾತಾಡುವಂತಿಲ್ಲ.

"ಬೆಳಿಗ್ಗೇನೇ ಆಗಿದ್ದಿದ್ರೆ..." ಎಂದು ತಂಗಿಯ ಗಂಡ ಶುರು ಮಾಡಿದರು. ಗಂಟಮ್ಮ ಅವರತ್ತ ನೋಡಿದಳು, ಸಿಟ್ಟಿನಿಂದಲ್ಲ. ಆ ಪ್ರಶ್ನೆ ಅವಳಲ್ಲೂ ಇತ್ತು, ಸಾಯುವ ತನಕ ಇರುತ್ತದೆ. ಅವರೇ ಮಾತನ್ನು ಅಲ್ಲಿಗೇ ಬಿಟ್ಟು ಹಾಸಿಗೆಯ ಹತ್ತಿರ ಸರಿದರು.

ತಂಗಿ ಕಣ್ಣು ತೆರೆದು ಅಕ್ಕನನ್ನು ಕಂಡಳು. ನಗಲಿಲ್ಲ, ಮುಖ ತಿರುಗಿಸಲೂ ಇಲ್ಲ. ನಿಧಾನವಾಗಿ ಕೈ ಎತ್ತಿ ಗಂಡನನ್ನು ತೋರಿಸಿದಳು, ಆಮೇಲೆ ಬಾಗಿಲನ್ನು. ಇವರಿರಲಿ, ನೀನು ಹೋಗು.

ಹೋಗು ಎಂದರೆ ಹೋಗದವಳೇ ಗಂಟಮ್ಮ. ನಾನಲ್ಲದೆ ಇನ್ಯಾರು ನೋಡಿಕೊಳ್ಳುತ್ತಾರೆ ಎಂದು ಹಾಸಿಗೆಯ ಪಕ್ಕ ಬೇರು ಬಿಟ್ಟು, ಬೆಳಗಾಗುವಾಗ ಬೆನ್ನು ನೋವಿನ ಲೆಕ್ಕ ಒಪ್ಪಿಸುವವಳು. ಅವಳು ಕುರ್ಚಿಯ ಕೈ ಹಿಡಿದು ಎದ್ದಳು. ಇಡೀ ದಿನದಲ್ಲಿ ಇಷ್ಟು ಕಷ್ಟದ ಕೆಲಸ ಮಾಡಿರಲಿಲ್ಲ.

"ಆಯ್ತು," ಎಂದಳು. "ನಾಳೆ ಎರಡಕ್ಕೆ ನನ್ನ ಪಾಳಿ ಮುಗಿಯುತ್ತೆ. ಬೇಕಾದ್ರೆ ಕರಿ. ಬೇಡ ಅಂದ್ರೆ ಬೇಡ."

ತಂಗಿಯ ಸನ್ನೆಗೆ ಕಾಯದೆ ಗಂಟಮ್ಮ ಹೊರನಡೆದಳು.

ಹೊರಗೆ ಬಸ್ಸುಗಳು ತುಂಬಿ ಹೋಗುತ್ತಿದ್ದವು. ಬೆಳಿಗ್ಗೆಯಿಂದ ಬಾಯಿಗೆ ಏನೂ ಹಾಕಿಲ್ಲ ಎಂಬುದು ನಿಲ್ದಾಣದ ಹತ್ತಿರ ಬಂದಾಗ ಹೊಟ್ಟೆ ಹೇಳಿತು. ಎದುರಿನ ಬೇಕರಿಯಲ್ಲಿ ಎರಡು ಬನ್ನು, ಒಂದು ಲೋಟ ಬಿಸಿ ಹಾಲು ತೆಗೆದುಕೊಂಡು ಬೆಂಚಿನ ಮೇಲೆ ಕೂತಳು. ಪಕ್ಕದಲ್ಲಿ ಕೂತಿದ್ದ ಹೆಂಗಸು, "ಪಾಪ, ತುಂಬಾ ಸುಸ್ತಾಗಿದ್ದೀರಿ. ಆಸ್ಪತ್ರೇಲಿ ಯಾರಿದ್ದಾರೆ?" ಎಂದು ಕೇಳಿದಳು.

"ತಂಗಿ," ಎಂದಳು ಗಂಟಮ್ಮ. ಆ ಹೆಂಗಸು ಮುಂದಿನ ಮಾತಿಗೆ ಕಾದಳು. ಮುಂದಿನ ಮಾತು ಬರಲಿಲ್ಲ. ಗಂಟಮ್ಮ ಬನ್ನನ್ನು ಹಾಲಿನಲ್ಲಿ ಅದ್ದಿ, ತುಂಬ ಹಸಿದವಳ ಹಾಗೆ ತಿಂದಳು.